ಟೋಪಿಯ ಒಳಗಿನ ಕಪ್ಪು ಗೆರೆ

“ಈ ಕಪಾಟಿನ ಸೀಲ್ ಯಾರು ಒಡದ್ರಪಾ?”

ಶರ್ವರಿ ಕೇಳಿದಳು, ಆದರೆ ಮಾದರಿ ಕೋಣೆಯಲ್ಲಿ ಅವಳ ಹೊರತು ಯಾರೂ ಇರಲಿಲ್ಲ. ಪಟಾನ್‌ಚೆರುವಿನ ಆ ಔಷಧ ಕಾರ್ಖಾನೆಯ ತಪಾಸಣೆ ಅವಳ ಕೆಲಸ. ಯುರೋಪಿಗೆ ಕಳಿಸಿದ ಪ್ರತಿ ಔಷಧದ ಒಂದು ಬಾಟಲಿ, ಮುಂದೆ ಬೇಕಾದಾಗ ಪರೀಕ್ಷಿಸಲೆಂದು, ಆ ಕಪಾಟಿನಲ್ಲಿರಬೇಕು. ಒಂದು ಕಾಣೆಯಾಗಿತ್ತು. ನಿನ್ನೆ ಬೆಳಿಗ್ಗೆ ಅವಳೇ ನೋಡಿದ್ದಳು.

ಮಧ್ಯಾಹ್ನ ಐರೋಪ್ಯ ಒಕ್ಕೂಟದ ಪರವಾಗಿ ಪರೀಕ್ಷಕ ಬರುವವನಿದ್ದ. ಅವನು ಒಂದೇ ದೇಶದವನು. ಆದರೆ ಒಕ್ಕೂಟದ ಕಾನೂನಿನಂತೆ ಅವನು ಬರೆದದ್ದನ್ನು ಸದಸ್ಯ ದೇಶಗಳೆಲ್ಲ ಒಪ್ಪಬೇಕು. ಅವನು ಹೂಂ ಎಂದರೆ ಎಲ್ಲ ಬಾಗಿಲೂ ತೆರೆದವು. ಊಹೂಂ ಎಂದರೆ ಎಲ್ಲವೂ ಮುಚ್ಚಿದವು.

* * *

ಭದ್ರತೆಯ ಮಿಲಿಂದ ಆಗಲೇ ಕಳ್ಳನನ್ನು ಹಿಡಿದು ತಂದಿದ್ದ.

“ಬಾಯ್ಲರ್ ಮಲ್ಲಣ್ಣ ರೀ ಮೇಡಂ. ಇದನ್ನ ನೋಡ್ರಿ.”

ಕಸದ ಡಬ್ಬಿಯಲ್ಲಿ ಸಿಕ್ಕ ಬಿಳಿ ಟೋಪಿ. ಮಾದರಿ ಕೋಣೆಗೆ ಹೋಗುವವರು ಹಣೆ ತೊಳೆದು ಹೊಸ ಟೋಪಿ ಹಾಕಬೇಕು, ಹೊರಬಂದು ಎಸೆಯಬೇಕು. ಇದರ ಒಳಗೆ ಮಸಿ ಹತ್ತಿತ್ತು.

“ಇದ್ದಲಿ ಮುಟ್ಟೋರು ಇಲ್ಲಿ ಇನ್ಯಾರದಾರ? ನಿನ್ನೆ ಊಟದ ಹೊತ್ತಿಗೆ ಮಂದೆಲ್ಲ ಕ್ಯಾಂಟೀನಿನ್ಯಾಗ. ಇವ ಇರಲಿಲ್ಲ.”

“ಬಾಯ್ಲರ್ ಬಿಟ್ಟು ಹ್ಯಾಂಗ ಬರ್ಲಿ? ಅದೇನು ನಿಮ್ಮಂಗ ಡ್ಯೂಟಿನ್ಯಾಗ ನಿದ್ದಿ ಮಾಡತೈತೇನು?” ಎಂದ ಮಲ್ಲಣ್ಣ. ಕಣ್ಣು ಮಾತ್ರ ಗೇಟಿನ ಕಡೆಗಿತ್ತು. ಪೊಲೀಸರು ದಾರಿಯಲ್ಲಿದ್ದರು.

ಶರ್ವರಿ ಟೋಪಿಯನ್ನು ಬೆಳಕಿಗೆ ಹಿಡಿದಳು. ಮಸಿ ಎಲ್ಲೆಂದರಲ್ಲಿ ಮೆತ್ತಿರಲಿಲ್ಲ. ಹಣೆಯ ನಟ್ಟನಡುವೆ ತಾಗುವ ಕಡೆ ನೆಟ್ಟಗೆ ಒಂದೇ ಗೆರೆ. ದಾಸರ ಸುಳಾದಿ ಗುನುಗುತ್ತ ಕನ್ನಡಿಯ ಮುಂದೆ ನಿಂತು ಹಣೆಗೆ ಗೆರೆ ಎಳೆದುಕೊಳ್ಳುತ್ತಿದ್ದ ಅಜ್ಜನ ನೆನಪಾಯಿತು.

ಅವಳು ಟೋಪಿ ಹಿಡಿದು ಮಹಡಿ ಹತ್ತಿದಳು.

* * *

ಗುಣಮಟ್ಟ ವಿಭಾಗದ ಮುಖ್ಯಸ್ಥ ರಾಘವೇಂದ್ರರಾಯರು ಅವಳ ಅಪ್ಪನ ಗೆಳೆಯರು. ಶರ್ವರಿ ಟೋಪಿಯನ್ನು ಅವರ ಮೇಜಿನ ಮೇಲಿಟ್ಟಳು.

“ಕಾಕಾ, ಹಣಿ ತೊಳಕೊಂಡು ಒಳಗ ಹೋಗ್ರಿ ಅಂತ ಕಲಿಸಿದವರು ನೀವ. ನಿನ್ನೆ ಅವಸರದಾಗ ಮರತ್ರಿ.”

ರಾಯರು ನಕ್ಕರು. “ನನ್ನ ಹಣಿ ಊರಿಗೆಲ್ಲ ಗೊತ್ತದ. ಇದ್ದಲಿ ತೇದ ಕರೀ ಅಂಗಾರದ ಗೆರಿ, ಕೆಳಗ ಕೆಂಪು ಅಕ್ಷತಿ ಬಟ್ಟು. ಇದರಾಗ ಕೆಂಪು ಎಲ್ಲದ, ತೋರ್ಸು.”

“ನಿನ್ನೆ ಏಕಾದಶಿ. ಉಪವಾಸದ ದಿನ ನೀವು ಅಕ್ಷತಿ ಹಚ್ಚಂಗಿಲ್ಲ, ಬರೇ ಅಂಗಾರ. ಕ್ಯಾಂಟೀನಿಗೂ ಹೋಗಂಗಿಲ್ಲ. ಮಲ್ಲಣ್ಣನ ಮಸಿ ಆಗಿದ್ರ ಟೋಪಿ ತುಂಬ ಮೆತ್ತಿರತಿತ್ತು. ಮತ್ತ, ಯಾವ ಬಾಟ್ಲಿ ಒಯ್ಯಬೇಕಂತ ಅವಗೇನು ಗೊತ್ತು?”

ರಾಯರ ಕೈ ತಾನಾಗಿ ಹಣೆಗೆ ಹೋಯಿತು. ಇಂದು ಅಲ್ಲಿ ಎರಡೂ ಇದ್ದವು.

“ಕಳಿಸಿದ ಮ್ಯಾಲೆ ಗೊತ್ತಾತು, ಆ ಔಷಧ ಕೆಟ್ಟದ ಅಂತ. ಬಾಟ್ಲಿ ಮೋರಿಗೆ ಸುರದೆ,” ಎಂದರು. “ಬಾಯ್ಲರ್‌ನವ ಕದ್ದಾನಂದ್ರ ಅದೊಂದು ಕಳವು. ನಾನ ಅಂತ ತಿಳಿದ್ರ ಅಷ್ಟೂ ದೇಶದ ಬಾಗಲಾ ಮುಚ್ಚತಾವ. ಇವತ್ತೊಂದಿನ ಮಲ್ಲಣ್ಣನ ಹೆಸರ ಇರ್ಲಿ, ನನ್ನವ್ವ. ನಾಳೆ ನಾನ ಹೋಗಿ ಬಿಡಿಸಿ ತರ್ತೀನಿ.”

ಕೆಳಗೆ ಗೇಟಿನಲ್ಲಿ ಜೀಪು ನಿಂತ ಸದ್ದಾಯಿತು. ಶರ್ವರಿ ಟೋಪಿಯನ್ನು ಎತ್ತಿಕೊಂಡಳು.

“ಇಲ್ಲ ಕಾಕಾ. ಅವನ ಹೆಸರು ಒಂದು ತಾಸೂ ಇರಂಗಿಲ್ಲ.”