ಓವರ್ಸಿಯರರ ಎರಡು ದಾರ

ಮಹಾರುದ್ರಪ್ಪನವರ ಹೆಣ ಸಿಕ್ಕಿದ್ದು ಸೋಮವಾರ ಬೆಳಕು ಹರಿಯುವ ಹೊತ್ತಿಗೆ, ತ್ರಿಪುರಾಂತ ಕೆರೆಯ ದಂಡೆಯಲ್ಲಿ. ಮೊಣಕಾಲುದ್ದದ ನೀರು. ಮುಖ ಕೆಳಗೆ. ತಲೆಯ ಹಿಂದೆ ಆಳವಾದ ಗಾಯ. ಪಕ್ಕದಲ್ಲಿ ವಿಲಾಯಿತಿಯಿಂದ ತರಿಸಿದ ಹೊಸ ಗಾಳದ ಕೋಲು, ಅದರ ಬುಡಕ್ಕೆ ತೆಳ್ಳನೆಯ ದಾರ ಸುತ್ತಿದ, ಮಿರಮಿರ ಮಿಂಚುವ ಹೊಸ ರೀಲು.

ಹೆಣವನ್ನು ದಂಡೆಗೆ ಎಳೆದು ಹಾಕಿದವನು ಅಂಬಿಗ ಮಕ್ಬೂಲ್. ಅವನ ಅಂಗಿಯ ತುಂಬ ರಕ್ತ.

ಜನಕ್ಕೆ ಅಷ್ಟೇ ಸಾಕಾಯಿತು. 1949ರ ಫೆಬ್ರವರಿ ಅದು. ನಿಜಾಮನ ಆಳ್ವಿಕೆ ಮುಗಿದು ಐದು ತಿಂಗಳಾಗಿತ್ತು. ಹಿಂದೂ-ಮುಸ್ಲಿಂ ಗದ್ದಲದ ಗಾಯ ಮಾತ್ರ ಇನ್ನೂ ಮಾಗಿರಲಿಲ್ಲ. ಒಂದು ತಾಸಿನೊಳಗೆ ಕಲ್ಯಾಣಿಯ ಠಾಣೆಯ ಮುಂದೆ ನೂರು ಜನ ಸೇರಿದರು. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಹುಮನಾಬಾದಿನಿಂದ ಮೇಲಧಿಕಾರಿಯ ತಂತಿ ಬಂತು: ಆರೋಪಿಯನ್ನು ಸಂಜೆಯ ಬಸ್ಸಿಗೆ ಕಳಿಸಿ.

ಠಾಣೆಯ ಮುಖ್ಯಸ್ಥ ಅಮೀನ್ ಬಕ್ಕಪ್ಪನ ಕೈಯಲ್ಲಿದ್ದವರು ನಾಲ್ಕೇ ನಾಲ್ಕು ಪೇದೆಗಳು. ಬಸ್ ಹತ್ತುವ ಮೊದಲೇ ಮಕ್ಬೂಲನ ಕಥೆ ಮುಗಿಯಬಹುದೆಂದು ಅವನಿಗೆ ಗೊತ್ತಿತ್ತು.

"ನಸುಕಿನ್ಯಾಗ ಕೆರೀಗಿ ಯಾಕ ಹೋಗಿದ್ದಿ?" ಠಾಣೆಯೊಳಗೆ ಮಕ್ಬೂಲನನ್ನು ಕೂರಿಸಿಕೊಂಡು ಕೇಳಿದ.

"ಓವರ್ಸಿಯರ್ ಸಾಹೇಬ್ರೇ ಬಾ ಅಂದಿದ್ರು. ಹೊಸ ಕೋಲು ನೀರಿಗಿ ಹಾಕಿ ನೋಡೋದಿತ್ತು."

"ನೀ ಹೋದಾಗ?"

"ಬಿದ್ದಿದ್ರು. ಜೀವ ಅದ ಏನೋ ಅಂತ ಎತ್ತಿದೆ. ಇರಲಿಲ್ರಿ." ಮಕ್ಬೂಲನ ಕಣ್ಣು ಗೋಡೆಗೆ ಒರಗಿಸಿದ್ದ ಕೋಲಿನ ಮೇಲೆ ನಿಂತಿತು. "ಅಮೀನ್ ಸಾಬ್ರ, ಆ ದಾರ ಯಾರು ಹಾಕ್ಯಾರ?"

"ಯಾಕ?"

"ಅದು ಈ ಕೋಲಿಂದಲ್ರಿ. ಹುಮನಾಬಾದದಾಗ ಕಾಸಿಂ ಸಾಹೇಬ್ರನ್ನ ಕೇಳ್ರಿ."

ಜೀವ ಹೋಗುವ ಹೊತ್ತಿನಲ್ಲಿ ಯಾವ ಮನುಷ್ಯ ದಾರದ ಮಾತಾಡುತ್ತಾನೆ? ಬಕ್ಕಪ್ಪನಿಗೆ ಸಿಟ್ಟು ಬಂತು. ಆದರೂ ಆ ಮಾತು ಮನಸ್ಸಿಗೆ ಹತ್ತಿ ಕೂತಿತು.

ಮಹಾರುದ್ರಪ್ಪ ನೀರಾವರಿ ಇಲಾಖೆಯಲ್ಲಿ ಓವರ್ಸಿಯರರಾಗಿದ್ದು ನಿವೃತ್ತರಾದವರು. ಗರಿಯಿಂದ ಕಟ್ಟಿದ ಹುಳ ತೋರಿಸಿ ಮೀನು ಹಿಡಿಯುವ ವಿದ್ಯೆಯನ್ನು ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ಕಲಿತಿದ್ದರು. ಮನೆ ಕೆರೆಗೆ ಹತ್ತಿಕೊಂಡೇ ಇತ್ತು. ಹೆಂಡತಿ ಯಶೋದಾಬಾಯಿ ಹಿಂದಿನ ದಿನವಷ್ಟೇ ಘಾಟಬೋರಾಳದ ತವರಿಗೆ ಹೋಗಿದ್ದರು. ಬಕ್ಕಪ್ಪ ಹೋಗಿ ನೋಡಿದಾಗ ಬಾಗಿಲು ಬರೀ ಮುಂದೆ ಮಾಡಿತ್ತು, ಬೀಗ ಇರಲಿಲ್ಲ. ಮೇಜಿನ ಮೇಲೆ ದಪ್ಪನೆಯ ರೇಷ್ಮೆ ದಾರದ ಸುರುಳಿ. ಅದರ ಪಕ್ಕ ಹುಮನಾಬಾದ್ ಕೋರ್ಟಿನ ಸಮನ್ಸು. ದಿಲ್ಶಾದ್ ಬೇಗಂ ಎಂಬ ವಿಧವೆಯ ಮನೆಯ ವ್ಯಾಜ್ಯದಲ್ಲಿ ನಾಳೆ ಸಾಕ್ಷಿ ಹೇಳಬೇಕು. ಎದುರು ಪಕ್ಷದವನು ನೆರೆಮನೆಯ ಬಟ್ಟೆ ವ್ಯಾಪಾರಿ ವೈಜನಾಥ.

ಬಕ್ಕಪ್ಪ ಕೋಣೆಗೆ ಬೀಗ ಹಾಕಿ ವೈಜನಾಥನ ಬಾಗಿಲು ತಟ್ಟಿದ.

"ಓವರ್ಸಿಯರರನ್ನ ಕಡೀಗಿ ಯಾವಾಗ ನೋಡಿದ್ರಿ?"

"ಶನಿವಾರ. ನಿನ್ನೆ ಇಡೀ ದಿನ ಜ್ವರ, ಹಾಸಿಗಿ ಬಿಟ್ಟು ಎದ್ದಿಲ್ರಿ. ಯಾರ ಮುಖಾನೂ ನೋಡಿಲ್ಲ."

"ನಾಳೆ ಅವರ ಸಾಕ್ಷಿ ಇತ್ತು."

"ನನ್ನ ಕಡೀಗೇ ಇತ್ತಲ್ರಿ! ಬೇಗಂ ಮನೀ ನನಗ ಮಾರಿದ ಕಾಗದದ ಮ್ಯಾಲೆ ಸಾಕ್ಷಿ ಸಹಿ ಅವರದೇ. ಅವರು ಹೋದ್ರ ಲುಕ್ಸಾನು ಯಾರಿಗಿ?" ವೈಜನಾಥ ನಿಟ್ಟುಸಿರು ಬಿಟ್ಟ. "ಮೀನಿನ ಹುಚ್ಚು ನೋಡ್ರಿ ಅವರಿಗಿ. ಒಂದಲ್ಲ, ಎರಡೆರಡು ದಾರ ತಂದಿದ್ರು. ಕಡೀಗಿ ಆ ನೀರೇ ತಿಂತು."

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಬಕ್ಕಪ್ಪ ಕೋಲು ಹೊತ್ತುಕೊಂಡು ಹುಮನಾಬಾದಿನ ಬಸ್ ಹತ್ತಿದ.

ಕಾಸಿಂ ಸಾಹೇಬರದು ಬಂದೂಕು, ತೋಟಾ, ಗಾಳದ ಸಾಮಾನಿನ ಅಂಗಡಿ. ಸುದ್ದಿ ಕೇಳಿ ಮುದುಕ ಗಲ್ಲಾಪೆಟ್ಟಿಗೆಯ ಪಕ್ಕ ಕುಸಿದು ಕೂತರು. ಆಮೇಲೆ ಕೋಲು ನೋಡಿದರು. ಹುಬ್ಬು ಗಂಟಿಕ್ಕಿತು.

"ಇದನ್ನ ಅವರು ಹಾಕಿಲ್ಲ."

"ಹ್ಯಾಂಗ ಹೇಳ್ತೀರಿ?"

ಅಂಗಡಿಯ ಹಿಂದಿನ ಬಯಲಿಗೆ ಹೋಗಿ ಕಾಸಿಂ ಕೋಲು ಬೀಸಿದರು. ಕೋಲು ಸೆಟೆದುಕೊಂಡೇ ಇತ್ತು. ದಾರ ನಾಲ್ಕು ಮಾರು ಹೋಗಿ ಕಾಲ ಬಳಿ ಉದುರಿತು.

"ನೋಡಿದ್ರಿ? ಈ ಗಾಳಕ್ಕ ಸೀಸದ ಗುಂಡು ಇರಲ್ಲ. ತುದಿಗಿ ಬರೇ ಗರಿ. ಅದಕ್ಕ ತೂಕ ಎಲ್ಲೀದು? ದಾರದ ತೂಕಾನೇ ಅದನ್ನ ಒಯ್ಯಬೇಕು. ಹೊಸ ಕೋಲು ಬಿರುಸು. ದಪ್ಪ ದಾರ ಇಲ್ದಿದ್ರ ಬಾಗೂದೇ ಇಲ್ಲ. ನಿನ್ನೆ ಮಧ್ಯಾಹ್ನ ಎರಡು ತಾಸು, ಎರಡೂ ದಾರ ಇಲ್ಲೇ ಬೀಸಿ ನೋಡಿದ್ರು. ಮಕ್ಬೂಲ್ ಜೋಡಿಗೇ ಇದ್ದ. ದಪ್ಪಂದು ಬೀಸಿದಾಗ—ಅಲ್ಲಾ! ಆ ಬೇವಿನ ಗಿಡದ ತನಕ ಹೋತು. ಇದೇ ಅಂದ್ರು."

"ಮತ್ತ ಈ ಸಣ್ಣದು?"

"ಹಳೇ ಮೆತ್ತನ್ನ ಕೋಲಿಗಿ ಇರಲಿ ಅಂತ ಅದನ್ನೂ ಕಟ್ಟಿಸಿಕೊಂಡ್ರು. ಒಂದು ಒಯ್ಯಾಕ ಬಂದವರು ಎರಡು ಒಯ್ದ್ರು."

ಬಕ್ಕಪ್ಪ ತಟ್ಟನೆ ತಲೆ ಎತ್ತಿದ. ಎರಡು!

ಅವನು ಕಲ್ಯಾಣಿಗೆ ಮರಳಿದಾಗ ನಾಲ್ಕು ಹೊಡೆದಿತ್ತು. ಜನ ಇಮ್ಮಡಿಯಾಗಿದ್ದರು. ಠಾಣೆಯ ಮೆಟ್ಟಿಲ ಮೇಲೆ ಯಶೋದಾಬಾಯಿ ಸೆರಗು ಹೊದ್ದು ಕಲ್ಲಿನಂತೆ ಕೂತಿದ್ದರು. ಬಕ್ಕಪ್ಪ ಬಗ್ಗಿ ಒಂದೇ ಒಂದು ಪ್ರಶ್ನೆ ಕೇಳಿದ. ಅವರು ಮೆಲ್ಲಗೆ ಉತ್ತರ ಕೊಟ್ಟರು. ಅವನು ವೈಜನಾಥನನ್ನು ಕರೆಸಿದ. ಮಕ್ಬೂಲನನ್ನೂ ಹೊರಗೆ ತರಿಸಿದ. ಜನ ಗುರ್ರೆಂದು ಮುಂದೆ ನುಗ್ಗಿದರು.

"ನಿಲ್ರಿ!" ಬಕ್ಕಪ್ಪ ಕೂಗಿದ. "ಓವರ್ಸಿಯರರು ಮೀನು ಹಿಡಿಯಾಕ ಹೋಗಿ ಸತ್ತಿಲ್ಲ. ಮನ್ಯಾಗ ಹೊಡದು, ಕೆರೀಗಿ ತಂದು, ಜಾರಿ ಬಿದ್ರು ಅನ್ನೂ ಹಂಗ ಕೋಲು ಪಕ್ಕದಾಗ ಇಟ್ಟಾರ. ಇಟ್ಟವನು ನೋಡ್ದ—ರೀಲು ಖಾಲಿ. ಮೇಜಿನ ಮ್ಯಾಲೆ ಎರಡು ದಾರ. ದಪ್ಪಂದು ಮೀನಿಗಿ ಕಾಣ್ತದ, ಸಣ್ಣದೇ ಸರಿ ಅಂದ್ಕೊಂಡು ಅದನ್ನ ಸುತ್ತಿದ. ಗೊತ್ತಿಲ್ಲದವರು ಯಾರಾದ್ರೂ ಹಂಗೇ ಅಂದ್ಕೋತಾರ. ಮಕ್ಬೂಲಗ ಮಾತ್ರ ಗೊತ್ತಿತ್ತು. ದಪ್ಪ ದಾರ ಆರಿಸುವಾಗ ಅವ ಅಲ್ಲೇ ನಿಂತಿದ್ದ. ಕೊಂದವ ಅವನೇ ಆಗಿದ್ರ ದಪ್ಪಂದೇ ಸುತ್ತತಿದ್ದ."

ಬಕ್ಕಪ್ಪ ಬಟ್ಟೆ ವ್ಯಾಪಾರಿಯ ಕಡೆಗೆ ತಿರುಗಿದ.

"ವೈಜನಾಥ, ದಾರ ಎರಡು ಅಂತ ನಿಮಗ ಹ್ಯಾಂಗ ಗೊತ್ತಾತು?"

"ಅದು... ಮಕ್ಬೂಲ್ ಹೇಳಿರಬೇಕ್ರಿ."

"ದಾರ ಬಂದದ್ದು ನಿನ್ನೆ ಸಂಜೀಕ. ನಿನ್ನೆ ನೀವು ಯಾರ ಮುಖಾನೂ ನೋಡಿಲ್ಲ ಅಂದ್ರಿ. ಇವತ್ತು ನಸುಕಿನಿಂದ ಮಕ್ಬೂಲ್ ನನ್ನ ಕೈಯಾಗ ಇದ್ದಾನ. ಕೋಣಿಯ ಕೀಲಿ ನನ್ನ ಕಿಸೇದಾಗ ಅದ. ದಾರ ಎರಡು ಅಂತ ತಿಳಿಯಾಕ ಆ ಮೇಜಿನ ಮುಂದೇ ನಿಲ್ಲಬೇಕು!"

"ನನ್ನ ಸಾಕ್ಷಿಯನ್ನ ನಾನೇ ಯಾಕ—"

"ಅಕ್ಕಾರ, ನನಗ ಹೇಳಿದ್ದನ್ನ ಇವರಿಗೂ ಹೇಳ್ರಿ."

ಯಶೋದಾಬಾಯಿ ಎದ್ದು ನಿಂತರು. "ಆ ಕಾಗದದ ಮ್ಯಾಲಿನ ಸಹಿ ನಮ್ಮವರದಲ್ಲ. ನಾಳೆ ಕೋರ್ಟಿನ್ಯಾಗ ಅದನ್ನೇ ಹೇಳಾವ್ರಿದ್ರು. ಊರು ಬಿಟ್ಟು ಹೋದ ಹೆಣ್ಣುಮಗಳ ಮನೀ ನುಂಗಬ್ಯಾಡ ಅಂತ ಇವನಿಗಿ ಶನಿವಾರವೇ ನನ್ನ ಎದುರಿಗೇ ಹೇಳಿದ್ರು."

ವೈಜನಾಥ ಸುತ್ತಲಿನ ಜನರತ್ತ ನೋಡಿದ. "ಹೆದರಿಸಾಕ ಅಷ್ಟೇ ಹೋಗಿದ್ದೆ," ಎಂದ. ಪೇದೆಗಳು ಅವನ ಎರಡೂ ತೋಳು ಹಿಡಿದರು.

ಮುಂದಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಕ್ಕಪ್ಪ ತಾನೇ ಮಕ್ಬೂಲನ ಬೇಡಿ ಬಿಚ್ಚಿದ.

ಯಶೋದಾಬಾಯಿ ಅವನನ್ನು ಕರೆದರು.

"ಬಾ ಮಕ್ಬೂಲ್. ಮಣ್ಣಿಗಿ ಹೆಗಲು ಕೊಡಾಕ ನಮ್ಮ ಮನ್ಯಾಗ ಗಂಡಸ್ರು ಕಡಿಮಿ ಇದ್ದಾರ."