ದೋಣಿಯ ಅಡಿಮರ

ಒದ್ದೆ ಬಟ್ಟೆಯೊಂದು ಬಂದು ಕೆನ್ನೆಗೆ ಬಡಿಯಿತು.

ಎಸೆದವನನ್ನು ಬೈಯಲು ತಿರುಗಿದೆ. ತಿರುಗಿದ್ದರಿಂದ ಬದುಕಿದೆ.

ತೇಗದ ದಿಮ್ಮಿ! ಹದಿನೆಂಟು ಅಡಿ ಉದ್ದದ್ದು. ಪೇರಿಸಿಟ್ಟ ಮರದ ಅಟ್ಟಿಯ ಮೇಲಿಂದ ಉರುಳಿಕೊಂಡು ನೇರ ನನ್ನ ಕಡೆಗೇ ಬರುತ್ತಿತ್ತು...

ಪಕ್ಕಕ್ಕೆ ಎಗರಿ ಬಿದ್ದೆ. ಮೊಣಕೈ ಚರ್ಮ ಕಿತ್ತುಹೋಯಿತು. ದಿಮ್ಮಿ ನನ್ನ ಸೈಕಲ್ಲನ್ನು ಹಪ್ಪಳ ಮಾಡಿ, ಡಿಪೋದ ಕಲ್ಲುಕಂಬಕ್ಕೆ ಗುದ್ದಿ ನಿಂತಿತು.

ಇದು ನಡೆದದ್ದು ಅರವತ್ತೊಂದರ ಕಾರ್ತಿಕದಲ್ಲಿ, ಮಧ್ಯಾಹ್ನ ಎರಡೂವರೆ ದಾಟಿದ ಹೊತ್ತಿಗೆ. ಯಶವಂತಪುರದ ಗೂಡ್ಸ್ ಯಾರ್ಡಿನ ಹಿಂದೆ, ವೇಣುಗೋಪಾಲನ ಮರದ ಡಿಪೋದಲ್ಲಿ.

ಬಟ್ಟೆ ಎಸೆದವನು ಲಾರಿ ಡ್ರೈವರ್ ಮೆಹಬೂಬ್ ಪಾಷಾ. ಓಡಿ ಬಂದು ರಟ್ಟೆ ಹಿಡಿದು ಎಬ್ಬಿಸಿದ.

“ಏನ್ ಲಕ್ಕಣ್ಣ, ಅಷ್ಟು ಕೂಗಿದ್ರೂ ಕೇಳಿಸ್ಲಿಲ್ವಾ?”

“ರೈಲ್ ಇಂಜಿನ್ ಸದ್ದು ಕಣೋ...”

“ಯಾವ ಇಂಜಿನ್? ಯಾರ್ಡಲ್ಲಿ ಗಾಡೀನೇ ಇಲ್ಲ.”

ಹತ್ತು ಜನ ಕೂಲಿಗಳು ಸುತ್ತ ನಿಂತು ನನ್ನನ್ನೇ ನೋಡುತ್ತಿದ್ದರು. ಅಟ್ಟಿಯ ಮೇಲಿಂದ ಒಬ್ಬ ನಿಧಾನವಾಗಿ ಇಳಿದು ಬಂದ. ಕೈಯಲ್ಲಿ ಬೆಣೆ. ದಿಮ್ಮಿಗಳು ಉರುಳದ ಹಾಗೆ ತಡೆದಿಡುತ್ತಾರಲ್ಲ, ಆ ಬೆಣೆ.

ಮುನಿಕೃಷ್ಣಪ್ಪ. ನನ್ನ ಹೆಂಡತಿಯ ಸ್ವಂತ ತಮ್ಮ!

“ಮೂರ್ ಸಲ ಕೂಗ್ದೆ ಭಾವ. ಇವ್ರೆಲ್ಲ ಸಾಕ್ಷಿ. ಆಮೇಲೇ ಬೆಣೆ ಕಿತ್ತಿದ್ದು.” ಕೂಲಿಗಳ ಕಡೆ ತಿರುಗಿದ. “ನೋಡ್ಕೊಂಡ್ರಾ? ಮರದ ಒಳಗಿಂದು ಕೇಳಿಸ್ಕೊಳ್ಳೋ ಕಿವಿ ಇದು. ಪೂರ್ತಿ ಕಿವುಡು.”



ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಬಂತು? ಹೇಳಿಬಿಡುತ್ತೇನೆ. ದಿಮ್ಮಿಯ ಒಂದು ತುದಿಗೆ ಕೊಡತಿಯಲ್ಲಿ ಬಡಿದರೆ, ಇನ್ನೊಂದು ತುದಿಗೆ ಕಿವಿ ಇಟ್ಟವನಿಗೆ ಮರದ ಹಣೆಬರಹ ತಿಳಿಯುತ್ತದೆ. ಗಟ್ಟಿ ಮರ ಖಣ್ ಎನ್ನುತ್ತದೆ. ಒಳಗೆ ಕೊಳೆತಿದ್ದರೆ ಬೊದ್ ಎನ್ನುತ್ತದೆ. ಆ ಸದ್ದು ಹಿಡಿಯುವುದರಲ್ಲಿ ಹೆಬ್ಬಾಳದಿಂದ ಮತ್ತಿಕೆರೆವರೆಗೆ ನನ್ನನ್ನು ಬಿಟ್ಟರೆ ಇಲ್ಲ. ಒಪ್ಪಿದ ಮರದ ತುದಿಗೆ, ನನ್ನ ಹೆಸರಿನ ಮೊದಲಕ್ಷರ ಕೆತ್ತಿದ ಸುತ್ತಿಗೆಯಿಂದ ‘ಲ’ ಅಂತ ಒತ್ತಿದರೆ ಮುಗಿಯಿತು. ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಜ್ವರ ಬಂತು. ಬಲಗಿವಿ ಹೋಯಿತು. ಎಡಗಿವಿ ಅರ್ಧ ಉಳಿಯಿತು. ಹತ್ತಿರ ನಿಂತು ಮಾತಾಡಿದರೆ ಕೇಳಿಸುತ್ತದೆ. ಮರದ ಮಾತು ಕೇಳಿಸುವುದಿಲ್ಲ.

ಹೊಟ್ಟೆಪಾಡು... ಏನು ಮಾಡಲಿ? ಭಾಮೈದನನ್ನು ಜೊತೆಗೆ ಸೇರಿಸಿಕೊಂಡೆ. ಕೊಡತಿ ಬಡಿಯುವವನು ಅವನು. ಆ ಸದ್ದಿನಲ್ಲೇ ಮರದ ಗುಣ ಹಿಡಿಯುವುದನ್ನು ನಾನೇ ಕಲಿಸಿದ್ದೆ. ಮರ ಗಟ್ಟಿಯಿದ್ದರೆ ಟವೆಲ್ಲನ್ನು ಎಡ ಹೆಗಲಿಗೆ ಹಾಕುತ್ತಿದ್ದ. ಟೊಳ್ಳಾದರೆ ಬಲ ಹೆಗಲಿಗೆ. ನಾನು ಕಣ್ಣು ಅರೆಮುಚ್ಚಿ, ಕಿವಿ ಇಟ್ಟು, ಧ್ಯಾನ ಮಾಡಿದವನ ಹಾಗೆ ನಟಿಸಿ ತೀರ್ಪು ಕೊಡುತ್ತಿದ್ದೆ. ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

“ಇಲ್ಲಿ ನೋಡು ಲಕ್ಕಣ್ಣ,” ಎಂದ ಮೆಹಬೂಬ್.

ಕಂಬಕ್ಕೆ ಗುದ್ದಿದ ದಿಮ್ಮಿ ಸೀಳಿತ್ತು. ಒಳಗೆ ತಿರುಳೇ ಇರಲಿಲ್ಲ. ನಶ್ಯದಂಥ ಕಂದು ಪುಡಿ ಸುರಿಯುತ್ತಿತ್ತು. ತುದಿಯಲ್ಲಿ ಅಚ್ಚುಕಟ್ಟಾಗಿ ನನ್ನದೇ ‘ಲ’!

ಆ ದಿಮ್ಮಿ ಯಾವುದೆಂದು ಆಗ ಗೊತ್ತಾಯಿತು.

ಸೋಲದೇವನಹಳ್ಳಿಯ ಆಚೆ ಒಂದು ಕೆರೆ. ಅಲ್ಲಿ ಜನರನ್ನು ದಾಟಿಸುತ್ತಿದ್ದ ಪಿಳ್ಳಪ್ಪ, ಎರಡು ವರ್ಷದ ಹಿಂದೆ ಹರಿಗೋಲು ಮಗುಚಿ ಸತ್ತ. ಅವನ ಹೆಂಡತಿ ಪಟಾಲಮ್ಮ ಎದೆಗುಂದದೆ ಮರದ ದೋಣಿಯನ್ನೇ ಕಟ್ಟಿಸುತ್ತೇನೆಂದು ಹೊರಟಳು. ಮಲ್ಪೆ ಕಡೆಯಿಂದ ದೋಣಿ ಕಟ್ಟುವ ಆಚಾರಿಯನ್ನು ಕರೆಸಿದಳು. ಮರ ಆರಿಸಲು ನನ್ನನ್ನು ಹುಡುಕಿಕೊಂಡು ಬಂದಳು. ನಾನು ಇದೇ ಅಟ್ಟಿಯಿಂದ ಎರಡು ದಿಮ್ಮಿ ಆರಿಸಿದೆ. ಒಂದು, ಇರಲಿ ಅಂತ ಡಿಪೋದಲ್ಲೇ ಉಳಿಯಿತು; ಈಗ ಸೀಳಿದ್ದು ಅದೇ. ಇನ್ನೊಂದು ಇಡಿಯಾಗಿ ಹೋಗಿ ದೋಣಿಯ ಅಡಿಮರವಾಯಿತು. ಅಡಿಮರವೆಂದರೆ ದೋಣಿಯ ಬೆನ್ನುಮೂಳೆ. ಅದು ಮುರಿದರೆ ದೋಣಿ ಎರಡು ಹೋಳು.

ಆ ದೋಣಿ ನೀರಿಗಿಳಿಯುವುದು ಅವತ್ತೇ, ನಾಲ್ಕು ಗಂಟೆಗೆ.

“ಪಟಾಲಮ್ಮನ ದೋಣಿಗೆ ಹೋಯ್ತಲ್ಲ, ಆ ದಿಮ್ಮಿ?” ಎಂದೆ.

ಮುನಿಕೃಷ್ಣಪ್ಪ ನೆಲ ನೋಡಿದ. “ಅದೂ ಹಿಂಗೇ.”

“ಎಡ ಹೆಗಲಿಗೆ ಹಾಕಿದ್ಯಲ್ಲೋ ಟವೆಲ್ಲು...”

“ಮೂರ್ ವರ್ಷ ಕೇಳಿದ್ದು ನಾನು. ಹೆಸರು ನಿಂದು. ಸುತ್ತಿಗೆ ಕೊಡು ಅಂತ ಎಷ್ಟ್ ಸಲ ಕೇಳ್ದೆ? ಯುಗಾದಿಗೆ ಕೊಡ್ತೀನಿ, ದೀಪಾವಳಿಗೆ ಕೊಡ್ತೀನಿ... ಎಷ್ಟ್ ಹಬ್ಬ ಭಾವ?”

ಆಫೀಸು ಕೋಣೆಯಿಂದ ವೇಣುಗೋಪಾಲ ಹೊರಗೆ ಬಂದ. ಇಸ್ತ್ರಿ ಪಂಚೆ, ಬಾಯಿ ತುಂಬ ಎಲೆಅಡಿಕೆ.

“ಇವತ್ತಿಂದ ನನ್ನ ಡಿಪೋದಲ್ಲಿ ಗುರುತು ಒತ್ತೋನು ಮುನಿಕೃಷ್ಣ. ನೀನ್ ಮನೆಗ್ ಹೋಗು ಲಕ್ಕಣ್ಣ. ಕೆರೆ ಹತ್ರ ಹೋಗಿ ಡಿಪೋ ಹೆಸರು ಎತ್ತಿದ್ಯೋ, ಕಾಲು ಮುರಿಸ್ತೀನಿ.”

ಕೊಳೆತ ಮಾಲು ಸಾಗಿಸಲು ವೇಣುಗೋಪಾಲನಿಗೊಂದು ಕಿವಿ ಬೇಕಿತ್ತು. ಮುನಿಕೃಷ್ಣಪ್ಪನಿಗೊಂದು ಸುತ್ತಿಗೆ ಬೇಕಿತ್ತು. ಮಧ್ಯದಲ್ಲಿ ನಾನು ಬಕರಾ.

“ಮೆಹಬೂಬ್, ಗಾಡಿ ತೆಗಿ.”

“ಕೆಲ್ಸ ಹೋಗುತ್ತೆ ಗುರು.”

“ನನ್ನದು ಆಗ್ಲೇ ಹೋಯ್ತಲ್ಲೋ. ಜೊತೆ ಇರ್ತೀನಿ, ಬಾ.”

ಅವನು ನಕ್ಕು ಸೀಟಿಗೆ ಹತ್ತಿದ. ಕಾವಲಿನವನು ಗೇಟು ಎಳೆಯುತ್ತಿದ್ದ. ಮೆಹಬೂಬ್ ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಕಾವಲಿನವನು ಗೇಟು ಬಿಟ್ಟು ಮೋರಿಗೆ ಹಾರಿದ. ಲಾರಿ ರಸ್ತೆಗೆ ಬಿತ್ತು.

ಜಾಲಹಳ್ಳಿ ದಾಟಿದಾಗ ಗಂಟೆ ಮೂರೂಕಾಲು. ಹಿಂದೆ ವೇಣುಗೋಪಾಲನ ಜೀಪು ಕಾಣಿಸಿತು.

ಬಾಗಲಗುಂಟೆಯ ಹತ್ತಿರ ರಾಗಿ ತೆನೆಯ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಮೆಹಬೂಬ್ ಲಾರಿಯನ್ನು ಹೊಲಕ್ಕೆ ಇಳಿಸಿ ಮತ್ತೆ ರಸ್ತೆಗೆ ಹತ್ತಿಸಿದ. ಜೀಪು ಬಿಡಲಿಲ್ಲ. ಪಕ್ಕಕ್ಕೇ ಬಂದು ಒತ್ತತೊಡಗಿತು. ಮುನಿಕೃಷ್ಣಪ್ಪ ಹೊರಗೆ ಬಾಗಿ ಏನೋ ಕೂಗುತ್ತಿದ್ದ. ಅವನು ಬಲಗಡೆ ಇದ್ದ. ಏನು ಕೂಗಿದರೂ ದಂಡ.

“ಹಿಂದೆ ಬೊಂಬು ಇದೆ. ಹಗ್ಗ ಕುಯ್ಯಿ,” ಎಂದು ಮೆಹಬೂಬ್ ಕಿರುಚಿದ್ದನ್ನು, ಎಡಗಿವಿ ಅವನತ್ತ ತಿರುಗಿಸಿ ಹಿಡಿದೆ.

ಹೇಗೆ ಹಿಂದಕ್ಕೆ ಹತ್ತಿದೆನೋ ದೇವರೇ ಬಲ್ಲ. ಚಾಕು ಹಾಕಿದೆ. ಹಗ್ಗ ತುಂಡಾಯಿತು. ಬೊಂಬಿನ ರಾಶಿ ಜೀಪಿನ ಮುಂದಕ್ಕೇ ಚೆಲ್ಲಿತು. ಜೀಪು ಎರಡು ಸುತ್ತು ತಿರುಗಿ ಹಳ್ಳಕ್ಕೆ ಮೂತಿ ಇಟ್ಟಿತು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೆರೆ ಏರಿ ಹತ್ತಿ ನೋಡಿದರೆ, ದೋಣಿ ಆಗಲೇ ನೀರಿನಲ್ಲಿತ್ತು! ಮೊಣಕಾಲುದ್ದ ನೀರು. ಕುಂಕುಮ, ಹೂವು. ಒಳಗೆ ಇಪ್ಪತ್ತು ಜನ. ಮುಂದೆ ಪಟಾಲಮ್ಮನ ಇಬ್ಬರು ಹೆಣ್ಣುಮಕ್ಕಳು ಆರತಿ ತಟ್ಟೆ ಹಿಡಿದು ಕೂತಿದ್ದರು.

ನೀರಿಗೆ ಇಳಿದು ಅಂಚು ಹಿಡಿದುಕೊಂಡೆ.

“ಎಲ್ರೂ ಇಳೀರಿ. ಅಡಿಮರ ಕೊಳೆತಿದೆ.”

ಪಟಾಲಮ್ಮ ಹತ್ತಿರ ಬಂದಳು. “ಏನ್ ಲಕ್ಕಣ್ಣೋರೆ ಇಂಗಂತೀರ? ನಿಮ್ಮ ಗುರ್ತು ಐತೆ. ಅದ್ ನೋಡ್ಕಂಡೇ ಅಲ್ವ ನಾನು ಮಕ್ಕಳ್ನ ಕೂರ್ಸಿರೋದು?”

ಹೇಳಬೇಕಾಯಿತು. ಅಷ್ಟೂ ಜನರ ಮುಂದೆ.

“ನನಗೆ ಕಿವಿ ಕೇಳಿಸಲ್ಲ ತಾಯಿ. ಮೂರ್ ವರ್ಷ ಆಯ್ತು. ಆ ಗುರುತು ಸುಳ್ಳು.”

ಅಷ್ಟರಲ್ಲಿ, ರಾಗಿ ಗಾಡಿಯವರಿಂದ ಜೀಪು ಎತ್ತಿಸಿಕೊಂಡು, ಏರಿಯ ಮೇಲೆ ಮುನಿಕೃಷ್ಣಪ್ಪ ಬಂದ. ಹಣೆಯಲ್ಲಿ ರಕ್ತ, ಬಟ್ಟೆಯೆಲ್ಲ ಕೆಸರು. ಹಿಂದೆ ವೇಣುಗೋಪಾಲ ಏದುಸಿರು ಬಿಡುತ್ತಿದ್ದ.

“ಮರ ಗಟ್ಟಿ ಕಣಮ್ಮ,” ಎಂದ ಮುನಿಕೃಷ್ಣಪ್ಪ. “ಬಡಿದು ಕೇಳಿದ್ದು ನಾನು. ಕಿವುಡನ ಮಾತು ಕೇಳ್ತೀಯಾ, ಕಿವಿ ಇರೋನ ಮಾತು ಕೇಳ್ತೀಯಾ?”

ನ್ಯಾಯವಾದ ಪ್ರಶ್ನೆ. ಜನ ತಲೆಯಾಡಿಸಿದರು. ನಾನೇ ನನ್ನ ಬಾಯಿಂದ ಕಿವುಡ ಅಂದಾಗಿತ್ತಲ್ಲ! ನಿಜ ಹೇಳಿ ಸಿಕ್ಕಿಬಿದ್ದಿದ್ದೆ. ದೋಣಿ ನಡೆಸಲು ನಿಂತಿದ್ದವನು ಉದ್ದನೆಯ ಗಳು ಊರಲು ಕೈಯೆತ್ತಿದ.

“ಗಟ್ಟಿ ಅಂತೀಯಲ್ಲ,” ಎಂದೆ. “ಹತ್ತು. ಈ ಜನದ ಜೊತೆ ನಡುಗೆರೆವರೆಗೆ ಹೋಗ್ಬಾ.”

ಅವನು ನೀರು ನೋಡಿದ. ಮಕ್ಕಳನ್ನು ನೋಡಿದ. ಕಾಲು ಮುಂದಿಡಲಿಲ್ಲ.

“ನನಗೆ ಈಜು ಬರಲ್ಲ ಭಾವ.”

“ಗಟ್ಟಿ ದೋಣೀಲಿ ಕೂರೋಕೆ ಈಜು ಯಾಕೋ?”

ಪಟಾಲಮ್ಮ ಅವನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಮಕ್ಕಳನ್ನು ಎತ್ತಿ ಇಳಿಸಿದಳು. ಉಳಿದವರೂ ಇಳಿದರು. ಆಚಾರಿಯ ಪೆಟ್ಟಿಗೆಯಿಂದ ಬೈರಿಗೆ ತಂದು, ದೋಣಿಯೊಳಗೆ ಮಂಡಿಯೂರಿ, ಅಡಿಮರಕ್ಕೆ ತಾನೇ ತೂತು ಕೊರೆದಳು.

ಮೊದಲು ಹೊಂಬಣ್ಣದ ಹೊಟ್ಟು ಬಂತು. ಎರಡು ಬೆರಳು ಇಳಿದ ಮೇಲೆ ಕಂದು ಪುಡಿ. ಕೊನೆಗೆ ನೀರು ಬುಳುಬುಳು ಉಕ್ಕಿತು. ಅವಳು ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ಅತ್ತಳು. ಎರಡು ವರ್ಷದ ಆಸೆ ಅಷ್ಟೂ ಅಲ್ಲಿತ್ತು.

ಮರುದಿನ ಊರವರು ಡಿಪೋಗೆ ನುಗ್ಗಿ ಬೇರೆ ದಿಮ್ಮಿ ಹೊರಿಸಿಕೊಂಡು ಬಂದರು. ವೇಣುಗೋಪಾಲ ತಪ್ಪೆಲ್ಲ ಕಿವುಡನದೆಂದು ಕೈತೊಳೆದುಕೊಂಡ. ಸುತ್ತಿಗೆ ಈಗ ಮುನಿಕೃಷ್ಣಪ್ಪನ ಕೈಯಲ್ಲೇ ಇದೆ. ಜನ ನಂಬುತ್ತಾರೆ. ಕಿವಿ ನೆಟ್ಟಗಿದೆ ನೋಡಿ! ನನ್ನ ಹೆಂಡತಿ ತಮ್ಮನ ಪರ. ನಾನು ಈಗ ಮೆಹಬೂಬನ ಲಾರಿಗೆ ಕ್ಲೀನರ್.

ಅವತ್ತು ಪಟಾಲಮ್ಮ ಕಣ್ಣೊರೆಸಿಕೊಂಡು ಎದ್ದು, ಶಾಪ ಹಾಕತೊಡಗಿದಳು. ಮುನಿಕೃಷ್ಣಪ್ಪನಿಗೆ ಮಾತ್ರ ಅಂದುಕೊಂಡಿರಾ? ಇಬ್ಬರಿಗೂ. ಅವನು ಕೇಳಿದ್ದನ್ನು ಸುಳ್ಳು ಹೇಳಿದ. ನಾನು ಕೇಳದೇ ಗುರುತು ಒತ್ತಿದೆ. ಅವಳಿಗೆ ಇಬ್ಬರೂ ಒಂದೇ.

ಅವನಿಗೆ ಶಾಪ ಪೂರ್ತಿ ಕೇಳಿಸಿತು. ನನಗೆ ಅರ್ಧ.

ಆ ಅರ್ಧವೇ ಸಾಕಾಗಿದೆ, ಸ್ವಾಮಿ.