ಎಡಕ್ಕೆ ಎರಡು ಸುತ್ತು

ನಾನು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳು. ನನ್ನ ತಂಗಿ ಇಪ್ಪತ್ತು ವರ್ಷ ನೈಲಾನ್ ಕಾರ್ಖಾನೆಯಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕಿ, ಅಲ್ಲಿನ ಧೂಳು ಕುಡಿದೇ ಎದೆರೋಗದಿಂದ ತೀರಿಕೊಂಡಳು. ಅವಳ ಶ್ವಾಸಕೋಶದ ಚೂರನ್ನು ಸಂಶೋಧನೆಗೆ ಕೊಡಲು ಸಹಿ ಹಾಕಿದವಳು ನಾನೇ. ರಾತ್ರಿ ಶಾಲೆಯಲ್ಲಿ ಕಲಿತ ಮೇಲೆ ನಾನು ಹಾಕಿದ ಮೊದಲ ಸಹಿ ಅದು. ಆ ಚೂರಿನ ಜೀವಕೋಶಗಳನ್ನು ನೈಲಾನ್ ಎಳೆಗಳ ಜೊತೆ ಗಾಜಿನ ತಟ್ಟೆಯಲ್ಲಿಟ್ಟು, ಬೆಚ್ಚನೆಯ ಪೆಟ್ಟಿಗೆಯೊಳಗೆ ಬೆಳೆಸುತ್ತಿದ್ದರು.

ಒಂದು ಬೆಳಿಗ್ಗೆ ಆ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಕರೆದರು.

“ಅಜ್ಜೀ, ಈ ತಟ್ಟೆ ಮುಟ್ಟಿದ್ರಾ? ಎಳೆಗಳೆಲ್ಲ ಗಂಟಾಗಿವೆ. ಇದು ಕೆಟ್ಟುಹೋಯ್ತು, ನಾಳೆ ಸುಡಬೇಕು.”

“ಸೂಜಿಗೆ ದಾರ ಪೋಣಿಸೋಕೇ ಆಗದ ಕಣ್ಣಿದು, ತಾಯಿ. ಕೂದಲಿಗಿಂತ ಸಣ್ಣ ಎಳೆಗೆ ಗಂಟು ಹಾಕ್ತೀನಾ?”

ಅವರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಎಲ್ಲ ಗಂಟೂ ಎಡಕ್ಕೆ ಎರಡು ಸುತ್ತು. ನನ್ನ ತಂಗಿ ಹಾಗೇ ಹಾಕುತ್ತಿದ್ದಳು. ಬಲಕ್ಕೆ ಸುತ್ತು ಎಂದು ನಾನು ಜೀವನವಿಡೀ ರೇಗಿದ್ದೆ. ಬೆಚ್ಚಗಿರಬೇಕಾದ ತಟ್ಟೆ ಬೆರಳು ಕೊರೆಯುವಷ್ಟು ತಣ್ಣಗಿತ್ತು.

ಡಾಕ್ಟರಮ್ಮ ಅತ್ತ ಹೋದಾಗ ತಟ್ಟೆಯತ್ತ ಬಾಗಿ, “ಸಾಕು ಬಿಡೇ ಎಡಚೀ, ನಿನ್ನ ಪಾಳಿ ಮುಗೀತು. ಇಲ್ಲಾಂದ್ರೆ ಸುಟ್ಟುಬಿಡ್ತಾರೆ,” ಎಂದೆ. ಸಂಜೆ ಅವರೇ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ಒಯ್ದರು.

ಮರುದಿನ ತಟ್ಟೆ ಬೆಚ್ಚಗಿತ್ತು. ಗಂಟುಗಳು ಬಿಚ್ಚಿಕೊಂಡಿದ್ದವು. ಡಾಕ್ಟರಮ್ಮ ಸುಡಲಿಲ್ಲ.

ಒಂದೇ ಒಂದು ಗಂಟು ಉಳಿದಿತ್ತು. ಅದು ಬಲಕ್ಕೆ ಸುತ್ತಿತ್ತು.